ಸೋಲ್‌ನಲ್ಲಿ ಸಸ್ಯಾಹಾರಿಗೂ ಊಟ ಸಿಗುತ್ತದೆ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕೊರಿಯಾ ಪ್ರವಾಸದ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಸಸ್ಯಾಹಾರಿಗಳಾದರೆ ಅಲ್ಲಿ ಬ್ರೆಡ್, ಬಾಳೆಹಣ್ಣು ತಿಂದುಕೊಂಡೇ ದಿನ ದೂಡಬೇಕು ಎಂದು ಅದರಲ್ಲಿತ್ತು. ನಾನು ಹುಟ್ಟಿನಿಂದ ಸಸ್ಯಾಹಾರಿ. ಹನ್ನೊಂದು ವರ್ಷದಿಂದ ಸೋಲ್ ನಗರದ ಮಾಂಗ್‌ವೊನ್ ಮಾರುಕಟ್ಟೆಯ ಹತ್ತಿರ ಇದ್ದೇನೆ. ಆ ಮಾತು ಪೂರ್ತಿ ನಿಜ ಅಲ್ಲ.

ನಮ್ಮ ಗಲ್ಲಿಯಲ್ಲಿ ಒಂದು ಬೇಕ್‌ಬಾನ್ ಅಂಗಡಿ ಇದೆ. ಬೇಕ್‌ಬಾನ್ ಅಂದರೆ ಬಿಳಿ ಅನ್ನ ಅಂತ ಅರ್ಥ. ಅನ್ನ, ಒಂದು ಸಾರು, ಜೊತೆಗೆ ಐದಾರು ಪುಟ್ಟ ತಟ್ಟೆಗಳಲ್ಲಿ ಪಲ್ಯ, ಕಿಮ್ಚಿ (ಉಪ್ಪು ಖಾರ ಹಾಕಿ ಹುಳಿಬರಿಸಿದ ಎಲೆಕೋಸು). ಇಲ್ಲಿನವರು ಮನೆಯಲ್ಲಿ ದಿನಾ ಉಣ್ಣುವ ಊಟವೇ ಅದು. ಆರು ಟೇಬಲ್‌ಗಳ ಈ ಅಂಗಡಿಯನ್ನು ಒಬ್ಬ ಹೆಂಗಸು ಮೂವತ್ತು ವರ್ಷದಿಂದ ನಡೆಸುತ್ತಿದ್ದಾರೆ. ಎಲ್ಲರೂ ಅವರನ್ನು ‘ಇಮೊ’ ಅನ್ನುತ್ತಾರೆ. ಇಮೊ ಅಂದರೆ ತಾಯಿಯ ಅಕ್ಕ ಅಥವಾ ತಂಗಿ. ತಂದೆಯ ಅಕ್ಕ-ತಂಗಿಯರಿಗೆ ಬೇರೆ ಹೆಸರು, ನಮ್ಮ ಚಿಕ್ಕಮ್ಮ, ಅತ್ತೆ ಬೇರೆ ಬೇರೆ ಇದ್ದ ಹಾಗೆ. ನನಗೂ ಅವರು ಚಿಕ್ಕಮ್ಮನೇ.

ಮೊದಲ ದಿನ ‘ಗೋಗಿ ಬೇಡ’ ಅಂದಿದ್ದೆ. ಗೋಗಿ ಅಂದರೆ ಮಾಂಸ. ಅವರು ತಲೆಯಾಡಿಸಿ ಸಾರು ತಂದಿಟ್ಟರು. ಅರ್ಧ ಉಂಡ ಮೇಲೆ ತಳದಲ್ಲಿ ಬೆರಳುದ್ದದ ಒಣಮೀನು ಕಾಣಿಸಿತು. ಅಳು ಬಂತು. ಅವರು ಸುಳ್ಳು ಹೇಳಿರಲಿಲ್ಲ. ಇಲ್ಲಿ ಗೋಗಿ ಅಂದರೆ ದನ, ಹಂದಿ, ಕೋಳಿ ಅಷ್ಟೇ, ಮೀನು ಆ ಲೆಕ್ಕಕ್ಕೆ ಬರುವುದಿಲ್ಲ. ‘ಮ್ಯೊಲ್ಚಿ’ ಎಂಬ ಈ ಸಣ್ಣ ಮೀನು ಕುದಿಸಿದ ನೀರೇ ಎಷ್ಟೋ ಸಾರುಗಳಿಗೆ ಬುಡ. ಕಿಮ್ಚಿಗೂ ಸಾಮಾನ್ಯವಾಗಿ ಉಪ್ಪಿನಲ್ಲಿ ಹಾಕಿಟ್ಟ ಮೀನೋ ಸಿಗಡಿಯೋ ಬೀಳುತ್ತದೆ. ಈ ವಿಷಯ ನಿಮ್ಮ ಲೇಖನದಲ್ಲಿ ಬರಬೇಕಿತ್ತು, ಅಲ್ವಾ?

ಮಾರನೇ ದಿನ ಮಧ್ಯಾಹ್ನ ಮೂರಕ್ಕೆ ಹೋದೆ. ಜನ ಇರಲಿಲ್ಲ. ಇಮೊ ಸೋಯಾ ಮೊಳಕೆಯ ರಾಶಿ ಮುಂದಿಟ್ಟುಕೊಂಡು ಒಂದೊಂದರದೂ ಬಾಲ ಚಿವುಟುತ್ತಿದ್ದರು. ಪಕ್ಕದಲ್ಲಿ ಕೂತು ನಾನೂ ಚಿವುಟಿದೆ. ಬರುವ ನಾಲ್ಕು ಮಾತಿನಲ್ಲಿ ನನ್ನ ಊಟದ ವಿಷಯ ಹೇಳಿದೆ. ಅವರು ಎದ್ದು ಹೋಗಿ ಒಂದು ಚಿಕ್ಕ ಪಾತ್ರೆಯಲ್ಲಿ ದಶಿಮಾ ಎಂಬ ಒಣ ಕಡಲಪಾಚಿ, ಒಣ ಅಣಬೆ, ಎರಡು ತುಂಡು ಮೂಲಂಗಿ ಹಾಕಿ ಕುದಿಯಲು ಇಟ್ಟರು. ಆ ನೀರಿಗೆ ದ್ವೆನ್‌ಜಾಂಗ್, ಅಂದರೆ ಹುಳಿಬರಿಸಿದ ಸೋಯಾಕಾಳಿನ ಗಟ್ಟಿ ಮುದ್ದೆ, ಕದಡಿದರು. ಸಾರಿನ ಆ ವಾಸನೆ ಈಗಲೂ ನನಗೆ ಹಸಿವು ತರಿಸುತ್ತದೆ. ಅನ್ನ ಬಂದಿದ್ದು ಮುಚ್ಚಳದ ಸ್ಟೀಲ್ ಬಟ್ಟಲಿನಲ್ಲಿ. (ಅಕ್ಕಿ ಉಳಿಸಬೇಕೆಂದು 1976ರಲ್ಲಿ ಸೋಲ್ ನಗರಾಡಳಿತ ಹೋಟೆಲಿನ ಅನ್ನದ ಬಟ್ಟಲು 10.5 ಸೆಂ.ಮೀ. ಅಗಲ, 6 ಸೆಂ.ಮೀ. ಎತ್ತರ ಇರಬೇಕೆಂದು ಗೊತ್ತುಮಾಡಿತ್ತು.) ನಾನು ಬಟ್ಟಲು ಎತ್ತಿಕೊಂಡೆ. ಇಮೊ ನನ್ನ ಮಣಿಕಟ್ಟು ಹಿಡಿದು ಮೆಲ್ಲಗೆ ಕೆಳಗಿಳಿಸಿದರು. ಇಲ್ಲಿ ಬಟ್ಟಲು ಟೇಬಲ್ ಮೇಲೇ ಇರಬೇಕು, ಅನ್ನ ಚಮಚದಲ್ಲಿ ತಿನ್ನಬೇಕು.

ಚಳಿಗಾಲಕ್ಕೆ ಮುಂಚೆ ಎಷ್ಟೋ ಮನೆಗಳಲ್ಲಿ ಒಟ್ಟಿಗೆ ಕೂತು ಕಿಮ್ಚಿ ಹಾಕುತ್ತಾರೆ. ಕಿಮ್‌ಜಾಂಗ್ ಎನ್ನುವ ಈ ಪದ್ಧತಿ 2013ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಪ್ರತಿ ವರ್ಷ ಆಗ ಇಮೊ ಎರಡು ದಿನ ಅಂಗಡಿ ಮುಚ್ಚುತ್ತಾರೆ. ನನಗೆಂದೇ ಐದು ಎಲೆಕೋಸಿಗೆ ಮೀನು ಬಿಟ್ಟು ಸೋಯಾ ಸಾಸ್ ಹಾಕಿ, ಆ ಡಬ್ಬಕ್ಕೆ ಕೆಂಪು ದಾರ ಕಟ್ಟಿಡುತ್ತಾರೆ. ಅದಕ್ಕೆ ಇವತ್ತಿಗೂ ಜಾಸ್ತಿ ದುಡ್ಡು ತಗೊಂಡಿಲ್ಲ. ನಾನು ಬಂದಾಗ ಊಟಕ್ಕೆ 6,000 ವಾನ್ ಇತ್ತು, ಈಗ 9,000. ಪಲ್ಯ ಖಾಲಿಯಾದರೆ ಮತ್ತೆ ಬಡಿಸುತ್ತಾರೆ, ಅದಕ್ಕೆ ಬೇರೆ ಬಿಲ್ ಇಲ್ಲ.

ಇಂಥ ಅಂಗಡಿಗಳು ಈ ಬೀದಿಯಲ್ಲಿ ಕಮ್ಮಿ ಆಗುತ್ತಿವೆ. ಸುತ್ತ ಕಾಫಿ ಅಂಗಡಿಗಳು ತುಂಬಿ ಬಾಡಿಗೆ ಏರಿದೆ. 2018ರಲ್ಲಿ ಕಾನೂನು ತಿದ್ದಿ, ಬಾಡಿಗೆದಾರ ಅಂಗಡಿಯವರು ಹತ್ತು ವರ್ಷದವರೆಗೆ ಕರಾರು ಮುಂದುವರಿಸಿ ಎಂದು ಕೇಳಬಹುದು ಅಂತ ಮಾಡಿದರು. ಮೊದಲು ಐದೇ ವರ್ಷ ಇತ್ತು. ಮೂವತ್ತು ವರ್ಷ ಕಳೆದ ಇಮೊಗೆ ಅದರಿಂದ ಏನು ಸಿಕ್ಕೀತು? ಪ್ರತಿ ಸಲ ಕರಾರು ಮುಗಿಯುವ ಹೊತ್ತಿಗೆ ಅವರ ಮುಖ ನೋಡಲು ನನಗೆ ಕಷ್ಟ.

ಇಲ್ಲಿ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಸೆಮಿಸ್ಟರ್ ಶುರುವಾಗುತ್ತದೆ. ಓದಲು ಬರುವ ಮಕ್ಕಳ ತಂದೆ ತಾಯಿ ನಿಮ್ಮ ಪತ್ರಿಕೆ ಓದುತ್ತಾರೆ. ದಯವಿಟ್ಟು ಇಷ್ಟನ್ನು ಅವರಿಗೆ ತಿಳಿಸಿ. ‘ಗೋಗಿ ಬೇಡ’ ಅಂದರೆ ಸಾಲದು, ಮ್ಯೊಲ್ಚಿಯೂ ಬೇಡ, ಮೀನಿನ ಉಪ್ಪುರಸವೂ ಬೇಡ ಅಂತ ಬಿಡಿಸಿ ಹೇಳಬೇಕು. ಹನ್ನೆರಡರಿಂದ ಒಂದರವರೆಗೆ ಆಫೀಸಿನವರ ನೂಕುನುಗ್ಗಲು, ಆಗ ಕೇಳಬೇಡಿ. ಎರಡು ಗಂಟೆಯ ಮೇಲೆ ಹೋಗಿ. ಎದುರಿಗೆ ಮೊಳಕೆ ರಾಶಿ ಇದ್ದರೆ ಕೂತು ನಾಲ್ಕು ಬಾಲ ಚಿವುಟಿ, ಆಮೇಲೆ ಕೇಳಿ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು
ಮಾಪೊ, ಸೋಲ್