ನೋಟ್‌ಬುಕ್ಕಿನ ಹಿಂಬದಿ ರಟ್ಟಿನ ಬರಹ ಬದಲಾದ ಬಗ್ಗೆ ನಮ್ಮ ಗ್ರಾಹಕರಿಗೆ

ಮಾನ್ಯ ಗ್ರಾಹಕರಿಗೆ ಸವಿನಯ ನಮಸ್ಕಾರಗಳು.

ಮುಂದಿನ ಶೈಕ್ಷಣಿಕ ವರ್ಷಕ್ಕಾಗಿ ನಮ್ಮ ಮಹಿಳಾ ಸಹಕಾರ ಸಂಘದಲ್ಲಿ ತಯಾರಾಗುತ್ತಿರುವ 100 ಮತ್ತು 200 ಪುಟಗಳ ನೋಟ್‌ಬುಕ್‌ಗಳ ಹಿಂಬದಿ ರಟ್ಟಿನ ಮೇಲೆ ಮೂರು ವರ್ಷಗಳಿಂದ ಅಚ್ಚಾಗುತ್ತಿದ್ದ ಸಾವಿತ್ರಿಬಾಯಿ ಫುಲೆಯವರ ಪರಿಚಯವನ್ನು ತೆಗೆದು, ಅದೇ ಜಾಗದಲ್ಲಿ ಅವರದೇ ಬೇರೊಂದು ಪರಿಚಯವನ್ನು ಹಾಕಿದ್ದೇವೆ. ಹಾಳೆ, ಗೆರೆ, ಪಿನ್ನು, ದರ ಇವುಗಳಲ್ಲಿ ಯಾವುದೂ ಬದಲಾಗಿಲ್ಲ. ಆದರೆ ಹೊಸ ಬರಹ ಹಳೆಯದಕ್ಕಿಂತ ಉದ್ದವಾದ ಕಾರಣ ಮಗ್ಗಿಯನ್ನು ರಟ್ಟಿನ ಒಳಬದಿಗೆ ಸರಿಸಬೇಕಾಯಿತು. ಮಾದರಿ ಪ್ರತಿ ನೋಡಿದ ಕೆಲವು ಅಂಗಡಿಯವರು “ಮಗ್ಗಿ ಎಲ್ಲಿ ಹೋಯಿತು, ಬರಹ ಯಾಕೆ ಇಷ್ಟು ಬೆಳೆಯಿತು” ಎಂದು ಫೋನ್ ಮಾಡಿ ಕೇಳಿದ್ದರಿಂದ, ಉತ್ತರವನ್ನು ಎಲ್ಲರಿಗೂ ಒಂದೇ ಪತ್ರದಲ್ಲಿ ಬರೆಯುತ್ತಿದ್ದೇವೆ.

ಹಳೆಯ ರಟ್ಟಿನ ಮೇಲೆ ಇದ್ದದ್ದು ನಾಲ್ಕೇ ಸಾಲು. “ಭಾರತದ ಪ್ರಪ್ರಥಮ ಶಿಕ್ಷಕಿ, ಅಕ್ಷರದವ್ವ” ಎಂಬ ಬಿರುದು, ಜನನ 3 ಜನವರಿ 1831, ಮರಣ 10 ಮಾರ್ಚ್ 1897, ಪತಿಯ ಹೆಸರು, ಅಷ್ಟೆ. ನಮ್ಮಿಂದ ನೋಟ್‌ಬುಕ್ ತರಿಸಿಕೊಳ್ಳುವ ಒಂದು ಹಳ್ಳಿಯ ಶಾಲೆಯ ಮುಖ್ಯ ಶಿಕ್ಷಕರು ಕಳೆದ ವರ್ಷ ಒಂದು ಕಾರ್ಡು ಬರೆದರು. ಅವರ ಶಾಲೆಯಲ್ಲಿ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ರಟ್ಟಿನ ಮೇಲೆ ಬೆರಳಿಟ್ಟು, “ಇವರೇ ಮೊದಲನೇ ಟೀಚರ್ ಅಂದ್ರ, ಇವರಿಗೆ ಕಲಿಸಿದ ಟೀಚರ್ ಯಾರು?” ಎಂದು ಕೇಳಿದಳಂತೆ. ನಾಲ್ಕು ಸಾಲುಗಳಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಉತ್ತರ ಹುಡುಕಲು ಕುಳಿತಾಗ, ನಾವು ಅಚ್ಚು ಹಾಕುತ್ತಿದ್ದದ್ದು ಬಿರುದು ಮತ್ತು ತಾರೀಕುಗಳನ್ನೇ ಹೊರತು ಒಬ್ಬ ಹೆಣ್ಣುಮಗಳು ಶಿಕ್ಷಕಿಯಾದ ಬಗೆಯನ್ನಲ್ಲ ಎಂಬುದು ನಮಗೆ ತಿಳಿಯಿತು.

ಸಾವಿತ್ರಿಬಾಯಿಯವರು ಹುಟ್ಟಿದ್ದು ಸಾತಾರಾ ಜಿಲ್ಲೆಯ ನಾಯಗಾಂವದಲ್ಲಿ, ಮಾಳಿ ಸಮುದಾಯದ ಖಂಡೋಜಿ ನೇವಸೆ ಪಾಟೀಲರ ಮನೆಯಲ್ಲಿ. ನಮ್ಮ ಬೆಳಗಾವಿ, ಧಾರವಾಡಗಳಂತೆ ಆ ಊರೂ ಮುಂದೆ ಮುಂಬಯಿ ಪ್ರಾಂತಕ್ಕೆ ಸೇರಿತು. 1840ರಲ್ಲಿ, ಒಂಬತ್ತು ವರ್ಷದವರಿದ್ದಾಗ, ಹದಿಮೂರು ವರ್ಷದ ಜ್ಯೋತಿರಾವ್ ಅವರೊಂದಿಗೆ ಅವರ ಮದುವೆಯಾಯಿತು. ಆಗ ಸಾವಿತ್ರಿಬಾಯಿಯವರಿಗೆ ಓದಲು ಬರುತ್ತಿರಲಿಲ್ಲ. ಈ ಕೊನೆಯ ವಾಕ್ಯ ಹಳೆಯ ರಟ್ಟಿನಲ್ಲಿ ಇರಲಿಲ್ಲ, ಹೊಸದರಲ್ಲಿ ಇದೆ.

ಅವರಿಗೆ ಮೊದಲು ಅಕ್ಷರ ಕಲಿಸಿದವರು ಪತಿ ಎಂಬುದು ಬಹಳ ಜನರಿಗೆ ಗೊತ್ತಿರುವ ಸಂಗತಿ. ಹಾಗೆ ಕಲಿಸಿದವರು ಸ್ವತಃ ಶಾಲೆ ಬಿಟ್ಟು ಮತ್ತೆ ಶಾಲೆಗೆ ಸೇರಿದ ಹುಡುಗ ಎಂಬುದು ಅಷ್ಟು ಪ್ರಚಾರದಲ್ಲಿಲ್ಲ. ಜ್ಯೋತಿರಾವ್ ಅವರ ತಂದೆ ಗೋವಿಂದರಾವ್ ಮಗನನ್ನು ಕೆಲವು ಕಾಲದ ನಂತರ ಶಾಲೆಯಿಂದ ಬಿಡಿಸಿ ಹೊಲದ ಕೆಲಸಕ್ಕೆ ಹಚ್ಚಿದ್ದರು. ಹುಡುಗನ ಚುರುಕುತನ ಕಂಡ ನೆರೆಹೊರೆಯ ಇಬ್ಬರು, ಒಬ್ಬರು ಗಫಾರ್ ಬೇಗ್ ಮುನ್ಷಿ, ಇನ್ನೊಬ್ಬರು ಲಿಜಿಟ್ ಸಾಹೇಬ್ ಎಂದು ಕರೆಯಿಸಿಕೊಳ್ಳುತ್ತಿದ್ದ ಕ್ರೈಸ್ತರು, ತಂದೆಯ ಮನವೊಲಿಸಿದ ಮೇಲೆ 1841ರಲ್ಲಿ ಅವರು ಪುಣೆಯ ಸ್ಕಾಟಿಷ್ ಮಿಷನ್ ಶಾಲೆಗೆ ಮತ್ತೆ ಸೇರಿದರು. ಅಲ್ಲಿಯ ಓದು ಮುಗಿದದ್ದು 1847ರಲ್ಲಿ. ಅಂದರೆ ಮದುವೆಯಾದ ಮೊದಲ ವರ್ಷಗಳಲ್ಲಿ ಆ ಮನೆಯಲ್ಲಿ ಹಗಲು ಶಾಲೆಗೆ ಹೋಗುವ ಗಂಡನೂ, ಅವನಿಂದ ಪಾಠ ಹೇಳಿಸಿಕೊಳ್ಳುವ ಹೆಂಡತಿಯೂ ಇದ್ದರು. ತಾಯಿಯನ್ನು ಕೈಗೂಸಾಗಿದ್ದಾಗಲೇ ಕಳೆದುಕೊಂಡ ಜ್ಯೋತಿರಾವ್ ಅವರನ್ನು ಸಾಕಿದ ಬಂಧು, ವಿಧವೆ ಸಗುಣಾಬಾಯಿ ಕ್ಷೀರಸಾಗರ ಅವರೂ ಅದೇ ಪಾಠಕ್ಕೆ ಕುಳಿತರು. ಮನೆಯ ಪಾಠ ಮುಗಿದ ಮೇಲೆ ಸಾವಿತ್ರಿಬಾಯಿಯವರ ಓದನ್ನು ಮುಂದುವರಿಸುವ ಹೊಣೆಯನ್ನು ಜ್ಯೋತಿರಾವ್ ಅವರ ಸ್ನೇಹಿತರಾದ ಸಖಾರಾಮ ಯಶವಂತ ಪರಾಂಜಪೆ ಮತ್ತು ಕೇಶವ ಶಿವರಾಮ ಭವಾಳಕರ ವಹಿಸಿಕೊಂಡರು.

ಓದು ಬಂದ ಮಾತ್ರಕ್ಕೆ ಕಲಿಸಲು ಬರುತ್ತದೆ ಎಂದು ಆ ದಂಪತಿ ತಿಳಿದಿರಲಿಲ್ಲ. ಆ ಹುಡುಗಿಯ ಪ್ರಶ್ನೆಗೆ ನಿಜವಾದ ಉತ್ತರ ಇಲ್ಲಿದೆ ಎಂದು ನಮಗೆ ಅನ್ನಿಸುವುದರಿಂದ, ಹೊಸ ಬರಹದಲ್ಲಿ ಈ ಭಾಗಕ್ಕೇ ಹೆಚ್ಚು ಸಾಲುಗಳನ್ನು ಕೊಟ್ಟಿದ್ದೇವೆ. ಸಾವಿತ್ರಿಬಾಯಿಯವರು ಎರಡು ಕಡೆ ಶಿಕ್ಷಕರ ತರಬೇತಿ ಪಡೆದರು. ಒಂದು ಅಹಮದ್‌ನಗರದಲ್ಲಿ ಸಿಂಥಿಯಾ ಫರಾರ್ ನಡೆಸುತ್ತಿದ್ದ ಸಂಸ್ಥೆಯಲ್ಲಿ, ಇನ್ನೊಂದು ಪುಣೆಯ ನಾರ್ಮಲ್ ಸ್ಕೂಲಿನಲ್ಲಿ. ನಾರ್ಮಲ್ ಸ್ಕೂಲ್ ಎಂದರೆ ಆಗಿನ ಶಿಕ್ಷಕರ ತರಬೇತಿ ಶಾಲೆ, ಡಿ.ಇಡಿ. ಕಲಿತವರಿಗೆ ಅದರ ಅಂದಾಜು ಸುಲಭವಾಗಿ ಸಿಗುತ್ತದೆ. ಫರಾರ್ ಅಮೆರಿಕದಿಂದ 1827ರಲ್ಲಿ ಬಂದು, ಮದುವೆಯಾಗದೆ ಹೆಣ್ಣುಮಕ್ಕಳ ಶಾಲೆಗಳಿಗಾಗಿಯೇ ಜೀವನ ಕಳೆದ ಮಿಷನರಿ. ಅಹಮದ್‌ನಗರದ ಅವರ ಶಾಲೆಯನ್ನು ಕಣ್ಣಾರೆ ನೋಡಿದ್ದು ಜ್ಯೋತಿರಾವ್ ಅವರಿಗೆ ಪುಣೆಯಲ್ಲಿ ಶಾಲೆ ತೆರೆಯಲು ಪ್ರೇರಣೆಯಾಯಿತು. ಹಾಗಾಗಿ ಟೀಚರಿಗೆ ಕಲಿಸಿದ ಟೀಚರ್ ಯಾರು ಎಂಬ ಪ್ರಶ್ನೆಗೆ ಒಂದೇ ಹೆಸರಿನ ಉತ್ತರ ಇಲ್ಲ.

ಇದೇ ಕಾರಣಕ್ಕೆ “ಪ್ರಪ್ರಥಮ” ಎಂಬ ಪದವನ್ನು ಕೈಬಿಟ್ಟಿದ್ದೇವೆ. ಈ ಬಗ್ಗೆ ನಮ್ಮ ಆಡಳಿತ ಮಂಡಳಿಯ ಸಭೆಯಲ್ಲಿ ಬಿಸಿಬಿಸಿ ಚರ್ಚೆಯೇ ಆಯಿತು, ಕೆಲವು ಗ್ರಾಹಕರಿಗೂ ಇದು ಬೇಸರ ತರಬಹುದು. ಮುಂಬಯಿಯಲ್ಲಿ ಅಮೆರಿಕದ ಮಿಷನರಿಗಳು 1824ರಲ್ಲೇ ಹೆಣ್ಣುಮಕ್ಕಳ ಶಾಲೆ ತೆರೆದಿದ್ದರು. ಆದ್ದರಿಂದ ಅತಿ ಮೊದಲು ಎಂಬ ಮಾತನ್ನು ಎಷ್ಟು ಎಚ್ಚರಿಕೆಯಿಂದ ಬಳಸಿದರೂ ಅದರ ಹಿಂದೆ ಒಂದು “ಆದರೆ” ಉಳಿಯುತ್ತದೆ. ಈಗ “ಆಧುನಿಕ ಭಾರತದ ಮೊದಲ ಶಿಕ್ಷಕಿಯರಲ್ಲಿ ಒಬ್ಬರು” ಎಂದು ಬರೆದಿದ್ದೇವೆ. “ಅಕ್ಷರದವ್ವ” ಎಂಬ ಹೆಸರನ್ನು ಹಾಗೆಯೇ ಉಳಿಸಿದ್ದೇವೆ; ಅದು ನಮ್ಮ ಜನ ಪ್ರೀತಿಯಿಂದ ಕೊಟ್ಟ ಹೆಸರು, ಅದಕ್ಕೆ ದಾಖಲೆ ಕೇಳುವವರು ಯಾರೂ ಇಲ್ಲ.

1848ರಲ್ಲಿ ಪುಣೆಯ ಬುಧವಾರ ಪೇಠೆಯ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ಆರಂಭವಾದದ್ದನ್ನು ಬರೆದಿದ್ದೇವೆ. ತಿಂಗಳು, ತಾರೀಕಿನ ಬಗ್ಗೆ ಬೇರೆ ಬೇರೆ ಹೇಳಿಕೆಗಳಿರುವುದರಿಂದ ಇಸವಿಯನ್ನಷ್ಟೇ ಹಾಕಿದ್ದೇವೆ. ಶಾಲೆಗೆ ಹೋಗುವ ದಾರಿಯಲ್ಲಿ ಜನ ಕೆಸರು, ಸಗಣಿ ಎರಚುತ್ತಿದ್ದರು, ಅದಕ್ಕಾಗಿ ಅವರು ಇನ್ನೊಂದು ಸೀರೆಯನ್ನು ಜೊತೆಗೆ ಒಯ್ಯುತ್ತಿದ್ದರು ಎಂಬುದು ನಿಮಗೆಲ್ಲ ತಿಳಿದದ್ದೇ. ರಟ್ಟಿಗೆ ಚಿತ್ರ ಬಿಡಿಸಿದ ಕಲಾವಿದರು ಮೊದಲು ಎಂದಿನಂತೆ ಕರಿಹಲಗೆಯ ಮುಂದೆ ಕೋಲು ಹಿಡಿದು ನಿಂತ ಚಿತ್ರ ತಂದಿದ್ದರು. ಈಗಿನ ಚಿತ್ರದಲ್ಲಿ ತರಗತಿಯ ಬಾಗಿಲ ಹಿಂದಿನ ಗೂಟಕ್ಕೆ ಒಂದು ಒದ್ದೆ ಸೀರೆ ನೇತಾಡುತ್ತಿದೆ. ಗೂಟ ನಮ್ಮ ಕಲ್ಪನೆ, ಸೀರೆಯಲ್ಲ.

ಶಾಲೆಯ ಕೆಲಸದ ಕಾರಣಕ್ಕೇ 1849ರಲ್ಲಿ ಆ ದಂಪತಿ ಜ್ಯೋತಿರಾವ್ ಅವರ ತಂದೆಯ ಮನೆಯನ್ನು ಬಿಡಬೇಕಾಯಿತು. ಆಶ್ರಯ ಕೊಟ್ಟವರು ಜ್ಯೋತಿರಾವ್ ಅವರ ಸ್ನೇಹಿತ ಉಸ್ಮಾನ್ ಶೇಖ್. ಶಾಲೆಯ ಸಹೋದ್ಯೋಗಿ ಫಾತಿಮಾ ಶೇಖ್ ಎಂಬವರು ನಿಜವಾಗಿ ಇದ್ದರೇ ಎಂದು ಈಚೆಗೆ ವಾದವಿವಾದ ನಡೆದಿರುವುದರಿಂದ ಆ ಹೆಸರನ್ನು ಉಳಿಸಬೇಕೇ ಎಂದು ಯೋಚಿಸಿದೆವು. 1856ರ ಅಕ್ಟೋಬರಿನಲ್ಲಿ, ಕಾಯಿಲೆಯ ಕಾರಣ ತವರಿನಲ್ಲಿದ್ದ ಸಾವಿತ್ರಿಬಾಯಿಯವರು ಪತಿಗೆ ಬರೆದ ಪತ್ರದಲ್ಲಿ, ತಾನಿಲ್ಲದ್ದರಿಂದ ಫಾತಿಮಾಗೆ ಕೆಲಸದ ಹೊರೆ ಹೆಚ್ಚಾಗಿರಬಹುದು, ಆದರೂ ಅವಳು ಗೊಣಗುವವಳಲ್ಲ ಎಂಬ ಅರ್ಥದ ಮಾತು ಬರುತ್ತದೆ. ಆ ಒಂದು ಸಾಲಿನ ಆಧಾರದ ಮೇಲೆ ಹೆಸರನ್ನು ಉಳಿಸಿ, ಉಳಿದ ವಿವರಗಳಿಗೆ ಕೈಹಾಕಿಲ್ಲ.

ರಟ್ಟಿನ ಅಳತೆ ಚಿಕ್ಕದು. 1854ರ ಕವನ ಸಂಕಲನ, ಜ್ಯೋತಿರಾವ್ ಕಟ್ಟಿದ ಸುಧಾರಣಾ ಸಂಘಟನೆ ಸತ್ಯಶೋಧಕ ಸಮಾಜ, ಕೊನೆಗೆ ಪ್ಲೇಗ್ ಪೀಡಿತ ಬಾಲಕನನ್ನು ಹೊತ್ತು ತಂದು ತಾವೇ ಆ ರೋಗಕ್ಕೆ ಬಲಿಯಾದದ್ದು, ಇವೆಲ್ಲ ಬಿಟ್ಟುಹೋಗಿವೆ. ಬಿಡಲು ಮನಸ್ಸು ಬಾರದೆ ಸೇರಿಸಿದ್ದು ಒಬ್ಬ ವಿದ್ಯಾರ್ಥಿನಿಯ ಹೆಸರು ಮಾತ್ರ. ಫುಲೆಯವರ ಶಾಲೆಯಲ್ಲಿ ಓದಿದ, ಆಗ ಅಸ್ಪೃಶ್ಯರೆಂದು ದೂರವಿಟ್ಟಿದ್ದ ಮಾಂಗ್ ಸಮುದಾಯದ ಮುಕ್ತಾಬಾಯಿ, ತನ್ನ ಜನರ ದುಃಖದ ಬಗ್ಗೆ ಬರೆದ ಪ್ರಬಂಧ 1855ರಲ್ಲಿ ‘ಜ್ಞಾನೋದಯ’ ಎಂಬ ಮರಾಠಿ ಪತ್ರಿಕೆಯಲ್ಲಿ ಅಚ್ಚಾಯಿತು. ನಮ್ಮ ನೋಟ್‌ಬುಕ್ಕಿನಲ್ಲಿ ಪ್ರಬಂಧ ಬರೆಯುವ ಮಕ್ಕಳು ಆ ಹೆಸರನ್ನು ಓದಲಿ ಎಂಬುದು ನಮ್ಮ ಆಸೆ.

ಕರಡು ತಿದ್ದುವಾಗ ನಡೆದ ಒಂದು ಸಂಗತಿಯನ್ನೂ ತಿಳಿಸಬೇಕು, ಏಕೆಂದರೆ ರಟ್ಟಿನಲ್ಲಿ ಒಂದು ಸಾಲು ಮಾತ್ರ ದಪ್ಪ ಅಕ್ಷರದಲ್ಲಿರುವುದನ್ನು ಅಚ್ಚಿನ ದೋಷವೆಂದು ನೀವು ತಿಳಿಯಬಾರದು. ಹಾಳೆ ಮಡಿಸುವ ವಿಭಾಗದ ನಮ್ಮ ಹಿರಿಯ ಸದಸ್ಯೆಯೊಬ್ಬರು ಮದುವೆಯಾಗಿ ಮೂರು ಮಕ್ಕಳಾದ ಮೇಲೆ, ಊರಿನ ಗುಡಿಯ ಕಟ್ಟೆಯ ಮೇಲೆ ನಡೆಯುತ್ತಿದ್ದ ಸಾಕ್ಷರತಾ ತರಗತಿಯಲ್ಲಿ ಓದು ಕಲಿತವರು. ಕರಡನ್ನು ಅವರು ಪ್ರತಿ ಪದದ ಕೆಳಗೆ ಬೆರಳು ಸರಿಸುತ್ತ, ಗಟ್ಟಿಯಾಗಿ ಓದಿದರು. “ಮದುವೆಯಾದಾಗ ಅವರಿಗೆ ಓದಲು ಬರುತ್ತಿರಲಿಲ್ಲ” ಎಂಬಲ್ಲಿ ಬೆರಳು ನಿಂತಿತು. ಆ ಸಾಲನ್ನು ಮತ್ತೊಮ್ಮೆ ಓದಿ, “ಇದೊಂದು ದಪ್ಪ ಅಕ್ಷರದಾಗ ಹಾಕ್ರಿ” ಎಂದರು. ನಡುವೆ ಒಂದೇ ಸಾಲು ದಪ್ಪಗಿದ್ದರೆ ನೋಡಲು ಚೆನ್ನಾಗಿರುವುದಿಲ್ಲ ಎಂದು ಮುದ್ರಕರು ಹೇಳಿದ್ದು ಸರಿಯೇ. ಆದರೂ ಹಾಗೆಯೇ ಹಾಕಿದ್ದೇವೆ.

ಇನ್ನು ವ್ಯವಹಾರದ ಮಾತು. ಹಳೆಯ ರಟ್ಟಿನ ನೋಟ್‌ಬುಕ್‌ಗಳು ನಿಮ್ಮಲ್ಲಿ ಉಳಿದಿದ್ದರೆ ಅವುಗಳನ್ನು ನಿಸ್ಸಂಕೋಚವಾಗಿ ಮಾರಬಹುದು. ಬರಹ ಬದಲಾದ ಕಾರಣಕ್ಕೆ ಅವುಗಳನ್ನು ವಾಪಸು ಪಡೆಯಲು ಸಂಘಕ್ಕೆ ಸಾಧ್ಯವಾಗುವುದಿಲ್ಲ. ಹೊಸ ಬರಹವನ್ನು ಅಂಟಿಸಲು ಬಯಸುವ ಶಾಲೆಗಳಿಗೆ ರಟ್ಟಿನ ಅಳತೆಯ ಚೀಟಿಗಳನ್ನು ಬೇಡಿಕೆಯ ಜೊತೆಗೇ ಉಚಿತವಾಗಿ ಕಳುಹಿಸುತ್ತೇವೆ. ಚೌಕಳಿ ಮತ್ತು ನಾಲ್ಕು ಗೆರೆಯ ಪುಸ್ತಕಗಳಲ್ಲಿ ಮಗ್ಗಿ ಮೊದಲಿನಂತೆ ಹಿಂಬದಿಯಲ್ಲೇ ಇರುತ್ತದೆ, ಏಕೆಂದರೆ ಅವುಗಳನ್ನು ಕೊಳ್ಳುವ ಸಣ್ಣ ತರಗತಿಯ ಮಕ್ಕಳಿಗೆ ಅದು ಥಟ್ಟನೆ ಕೈಗೆ ಸಿಗಬೇಕು. ರಟ್ಟನ್ನು ಎರಡೂ ಬದಿ ಅಚ್ಚು ಹಾಕಬೇಕಾದ್ದರಿಂದ ಈ ಬಾರಿ 200 ಪುಟದ ಪುಸ್ತಕಗಳು ಎಂದಿಗಿಂತ ಸುಮಾರು ಎರಡು ವಾರ ತಡವಾಗಿ ಬರಲಿವೆ. ಶಾಲೆ ಆರಂಭಕ್ಕೆ ಬೇಕಾದವರು ಬೇಡಿಕೆಯನ್ನು ಏಪ್ರಿಲ್ ಮುಗಿಯುವುದರೊಳಗೆ ತಿಳಿಸಬೇಕೆಂದು ವಿನಂತಿ. ಬರಹದಲ್ಲಿ ತಪ್ಪು ಕಂಡರೆ ಆ ಮುಖ್ಯ ಶಿಕ್ಷಕರಂತೆ ಒಂದು ಕಾರ್ಡು ಬರೆಯಿರಿ. ಮುಂದಿನ ಅಚ್ಚಿನಲ್ಲಿ ತಿದ್ದುತ್ತೇವೆ. ಮೊದಲ ಕಟ್ಟನ್ನು ಅವರ ಶಾಲೆಗೇ ಕಳುಹಿಸುತ್ತಿದ್ದೇವೆ. ಆ ಹುಡುಗಿ ಈಗ ಐದನೇ ತರಗತಿಯಲ್ಲಿದ್ದಾಳೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ
(ಆಡಳಿತ ಮಂಡಳಿಯ ಪರವಾಗಿ)