ಮೊದಲು ಸ್ಯಾಂಪಲ್ಲು, ಆಮೇಲೆ ಗೈಡು

ಮೈಸೂರು

ಚಿ. ವಿಭಾಳಿಗೆ ನಿನ್ನ ಚಿಕ್ಕಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಸ್ವೀಡನ್ನಿನ ಲುಂಡ್‌ನಲ್ಲಿ ಚಳಿ ಹೇಗಿದೆಯೋ ಗೊತ್ತಿಲ್ಲ, ಅದನ್ನು ನಿನ್ನಮ್ಮ ವಿಚಾರಿಸಿಕೊಳ್ಳುತ್ತಾಳೆ. ನಾನು ನೇರ ನಿನ್ನ ಕರಡಿಗೆ ಬರುತ್ತೇನೆ.

ನ್ಯೂಟ್ರಾನ್ ಹಾಯಿಸಿ ವಸ್ತುಗಳನ್ನು ಪರೀಕ್ಷಿಸುವ ನಿಮ್ಮ ಯುರೋಪಿಯನ್ ಸ್ಪಾಲೇಷನ್ ಸೋರ್ಸ್‌ನ ಮೊದಲ 15 ಉಪಕರಣಗಳಾದ ಮೇಲೆ ಮುಂದಿನವಕ್ಕೂ ಜಾಗವಿದೆ, ಅದರಲ್ಲಿ ಬ್ಯಾಟರಿ ವಸ್ತುಗಳಿಗೆಂದೇ ಒಂದು ಪೌಡರ್ ಡಿಫ್ರಾಕ್ಟೊಮೀಟರ್ (ಚದುರಿದ ನ್ಯೂಟ್ರಾನಿನಿಂದ ಪರಮಾಣುಗಳ ಜೋಡಣೆ ಅಳೆಯುವ ಉಪಕರಣ) ಬೇಕು ಎನ್ನುವ ನಿಮ್ಮ ಗುಂಪಿನ ವಾದ ನನಗೆ ಒಪ್ಪಿಗೆ. ಗೈಡು, ಅಂದರೆ ನ್ಯೂಟ್ರಾನನ್ನು ಸ್ಯಾಂಪಲ್ಲಿನವರೆಗೆ ತರುವ ಕೊಳವೆ, 75 ಮೀಟರ್ ಇರಲೋ 150 ಇರಲೋ ಎಂದು ಕೇಳಿದ್ದೀಯ. ಕರಡಿನಲ್ಲಿ ರೆಸಲ್ಯೂಷನ್ (ಪರಮಾಣು ಪದರಗಳ ಅಂತರವನ್ನು ಬೇರ್ಪಡಿಸಿ ನೋಡುವ ಸೂಕ್ಷ್ಮತೆ) 0.1 ಶೇಕಡಾ ಎಂದು ಬರೆದು, ಅದಕ್ಕೆ ತಕ್ಕಂತೆ 150ರ ಕಡೆ ವಾಲಿದ್ದೀಯ. ಆ 0.1 ಎಲ್ಲಿಂದ ಬಂತು ಮಗಳೇ? ಪಕ್ಕದ ಉಪಕರಣದವರು ಬರೆದುಕೊಂಡಿದ್ದಾರೆ ಎಂದಾದರೆ ಅದನ್ನು ಇವತ್ತೇ ಹೊಡೆದುಹಾಕು.

ಅಂಕಿ ಬರಬೇಕಾದ್ದು ಸ್ಯಾಂಪಲ್ಲಿನಿಂದ. ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಸೇರಿದ ಪದರ ಪದರದ ಕ್ಯಾಥೋಡನ್ನೇ ತೆಗೆದುಕೋ. ಎಕ್ಸ್-ರೇಗೆ ಲಿಥಿಯಂ ಕಾಣುವುದೇ ಕಷ್ಟ, ಇರುವುದೇ 3 ಎಲೆಕ್ಟ್ರಾನು. ನ್ಯೂಟ್ರಾನಿಗೆ ಹಾಗಲ್ಲ. ನ್ಯೂಟ್ರಾನನ್ನು ಎಷ್ಟು ಬಲವಾಗಿ ಚದುರಿಸುತ್ತದೆ ಎಂದು ಹೇಳುವ ಸ್ಕ್ಯಾಟರಿಂಗ್ ಲೆಂತ್ ನಿಕಲ್ಲಿನದು 10.3 ಫೆಮ್ಟೋಮೀಟರ್, ಲಿಥಿಯಂನದು ಮೈನಸ್ 1.9. ನಿಕಲ್ಲು ಲಿಥಿಯಂ ಜಾಗಕ್ಕೆ ನುಗ್ಗಿ ಕೂತರೆ ತಕ್ಷಣ ಗೊತ್ತಾಗುತ್ತದೆ. ಅದನ್ನು ಹಿಡಿಯಲು ಮುಖ್ಯವಾಗಿ ಎರಡು ಪೀಕ್ ನೋಡುತ್ತೀರಿ (ಹರಳಿನ ಒಂದೊಂದು ಬಗೆಯ ಪದರಕ್ಕೆ ಒಂದೊಂದು ಪೀಕ್, ಮೂರಂಕಿಯದು ಅದರ ಹೆಸರು): ಪದರಗಳ ನಡುವಿನ 003, ಸುಮಾರು 4.7 ಆಂಗ್‌ಸ್ಟ್ರಾಮ್, ಇನ್ನೊಂದು 104, ಸುಮಾರು 2.04. ಈಗ ಗಮನಿಸು, ಸೆಲ್ಲಿನೊಳಗಿನ ಅಲ್ಯೂಮಿನಿಯಂ ಹಾಳೆಯ 200 ಪೀಕ್ ಬೀಳುವುದು 2.02ರಲ್ಲಿ, ತಾಮ್ರದ ಹಾಳೆಯ 111 ಬೀಳುವುದು 2.09ರಲ್ಲಿ. ನಿನ್ನ 104 ಇವೆರಡರ ನಡುವೆ ಸಿಕ್ಕಿಕೊಂಡಿದೆ. ಅಲ್ಯೂಮಿನಿಯಂನಿಂದ ಅದನ್ನು ಬಿಡಿಸಲು ಇರುವ ಅಂತರ ಶೇಕಡಾ 1ಕ್ಕೂ ಕಡಿಮೆ. ಹಾಗಾಗಿ 0.3 ಬೇಕೇ ಬೇಕು. 0.1 ಇದ್ದರೆ ನೋಡಲು ಚಂದ, ಆದರೆ ನ್ಯೂಟ್ರಾನಿನ ಪಲ್ಸನ್ನು 0.3ಕ್ಕೆ ಬೇಕಾದುದರ ಮೂರನೇ ಒಂದು ಭಾಗಕ್ಕೆ ಕತ್ತರಿಸಬೇಕಾಗುತ್ತದೆ. ಚಾರ್ಜ್ ಆಗುತ್ತಿರುವಾಗಲೇ ಬದಲಾಗುವ ಸೆಲ್ಲನ್ನು ಅಳೆಯುವವರಿಗೆ ಅಷ್ಟು ನ್ಯೂಟ್ರಾನು ಚೆಲ್ಲುವುದು ದುಬಾರಿ.

ಉದ್ದವೂ ಇದರಿಂದಲೇ ಹೊರಬೀಳುತ್ತದೆ. ನಿಮ್ಮಲ್ಲಿ ಸೆಕೆಂಡಿಗೆ 14 ಪಲ್ಸು, ಒಂದೊಂದೂ 2.86 ಮಿಲಿಸೆಕೆಂಡು. ಹಿಂದಿನ ಪಲ್ಸಿನ ನಿಧಾನದ ನ್ಯೂಟ್ರಾನನ್ನು ಮುಂದಿನದರ ಚುರುಕಿನವು ಹಿಡಿಯಬಾರದು. ಈ ಲೆಕ್ಕದಲ್ಲಿ ಒಂದೇ ಸಲಕ್ಕೆ ಸಿಗುವ ವೇವ್‌ಲೆಂತ್ ಪಟ್ಟಿ ಎಂದರೆ 282ನ್ನು ಮೀಟರ್ ಉದ್ದದಿಂದ ಭಾಗಿಸಿದಷ್ಟು. 150 ಮೀಟರಿಗೆ 1.9 ಆಂಗ್‌ಸ್ಟ್ರಾಮ್, 75ಕ್ಕೆ 3.8. ಉದ್ದ ದುಪ್ಪಟ್ಟಾದರೆ ಅದೇ ರೆಸಲ್ಯೂಷನ್ನಿಗೆ ತಿರುಗುತ್ತ ಪಲ್ಸನ್ನು ಕತ್ತರಿಸುವ ಚಾಪರನ್ನು ದುಪ್ಪಟ್ಟು ಹೊತ್ತು ತೆರೆದಿಡಬಹುದು, ನಿಜ. ಆದರೆ ಪಟ್ಟಿ ಅರ್ಧವಾಗುತ್ತದೆ. ಒಟ್ಟು ನ್ಯೂಟ್ರಾನಿನ ಲೆಕ್ಕದಲ್ಲಿ ಲಾಭವೂ ಇಲ್ಲ ನಷ್ಟವೂ ಇಲ್ಲ. ಇನ್ನು 90 ಡಿಗ್ರಿಯ ಡಿಟೆಕ್ಟರಿನಲ್ಲಿ 104 ಸಿಗುವುದು 2.9 ಆಂಗ್‌ಸ್ಟ್ರಾಮ್ ವೇವ್‌ಲೆಂತಿಗೆ, 003 ಸಿಗುವುದು 6.7ಕ್ಕೆ. ಕಳೆದು ನೋಡು: 3.8. 75 ಮೀಟರಿನಲ್ಲಿ ಎರಡೂ ಅಂಚಿಗೆ ತಾಗಿಕೊಂಡು ಕೂರುತ್ತವೆ, 150ರಲ್ಲಿ ಒಟ್ಟಿಗೆ ಬರುವುದೇ ಇಲ್ಲ. 70ಕ್ಕೆ ಇಳಿಸಿದರೆ ಪಟ್ಟಿ 4.0 ಆಗಿ ಎರಡೂ ಕಡೆ ಉಸಿರಾಡಲು ಜಾಗ ಸಿಗುತ್ತದೆ. ನನ್ನ ಮಾತು ಕೇಳಿದರೆ 70. 90 ಡಿಗ್ರಿ ಏಕೆ ಎನ್ನುತ್ತೀಯೇನೋ. ಅಲ್ಲಿ ರೇಡಿಯಲ್ ಕೊಲಿಮೇಟರ್ ಇಟ್ಟರೆ ಸೆಲ್ಲಿನ ಆಚೀಚೆಯ ಕ್ಲಾಂಪು, ಕಿಟಕಿಗಳಿಂದ ಬರುವುದನ್ನೆಲ್ಲ ತಡೆದು, ಬೇಕಾದ ತುಣುಕನ್ನಷ್ಟೇ ಚೊಕ್ಕವಾಗಿ ನೋಡಬಹುದು.

ನಿನ್ನ ಸಿಮ್ಯುಲೇಷನ್ ಚಿತ್ರಗಳಲ್ಲಿ ಬ್ಯಾಕ್‌ಗ್ರೌಂಡ್ ಸೊನ್ನೆ ಇದೆ. ಮ್ಯಾಕ್‌ಸ್ಟಾಸ್ ಎಂಬ ಆ ಸಿಮ್ಯುಲೇಷನ್ ಪ್ರೋಗ್ರಾಮಿಗೆ ನೀನು ಬರೆದುಕೊಟ್ಟದ್ದು ಮಾತ್ರ ಗೊತ್ತು. ಬರೆಯದೇ ಬಿಟ್ಟದ್ದು ಬೀಮ್‌ಲೈನ್ ಶುರುವಾದ ದಿನ ಎದುರಿಗೆ ಬಂದು ನಿಲ್ಲುತ್ತದೆ. ಮೊದಲ ಖಳ ಹೈಡ್ರೋಜನ್. ಇನ್‌ಕೊಹೆರೆಂಟ್ ಆಗಿ, ಅಂದರೆ ಪೀಕ್ ಕೊಡದೆ ಎಲ್ಲ ದಿಕ್ಕಿಗೂ, 80 ಬಾರ್ನ್ (ಚದುರಿಕೆಯ ಅಳತೆ) ಚದುರಿಸುತ್ತದೆ. ಎಲೆಕ್ಟ್ರೋಲೈಟಿನಲ್ಲಿ ಅದು ತುಂಬಿದೆ, ಸೆಪರೇಟರಿನಲ್ಲಿದೆ. ಹೈಡ್ರೋಜನ್ ಬದಲು ಡ್ಯುಟೀರಿಯಂ ಹಾಕಿದ ಎಲೆಕ್ಟ್ರೋಲೈಟ್ ಎಲ್ಲರ ಕೈಗೆಟುಕುವುದಿಲ್ಲ. ಇದರ ಮೇಲೆ ಯಾರೋ ಒಬ್ಬ ಹುಡುಗ ವೈರು ಅಲ್ಲಾಡದಿರಲಿ ಎಂದು ಬೀಮ್ ಹಾಯುವ ಕಡೆಯೇ ಸೆಲ್ಲೋಟೇಪ್ ಅಂಟಿಸಿರುತ್ತಾನೆ. ಆ ಬೆರಳಗಲದ ಟೇಪು ಕೊಡುವ ಹಿನ್ನೆಲೆ ಡೇಟಾದಲ್ಲಿ ಅಷ್ಟುದ್ದ ಎದ್ದು ಕೂತಿರುತ್ತದೆ. ಆದ್ದರಿಂದ ಹೋಲ್ಡರನ್ನು ನೀವೇ ವಿನ್ಯಾಸ ಮಾಡಿ, ವೈರು ಹೋಗುವ ದಾರಿಯನ್ನೂ ನೀವೇ ಕೊರೆದಿಡಿ. ಬರುವವರ ಜಾಣತನಕ್ಕೆ ಬಿಡಬೇಡಿ. ವನೇಡಿಯಂ ಡಬ್ಬಿ ಪುಡಿಗೆ ಸರಿ, ಪೌಚ್ ಸೆಲ್ಲಿಗೆ ಅದು ಉಪಯೋಗವಿಲ್ಲ.

ಕ್ಯಾಡ್ಮಿಯಂ ವಿಷಯ ಒಂದು ಹೇಳಿಬಿಡುತ್ತೇನೆ. ಟ್ರಾಂಬೆಯ ಧ್ರುವ ರಿಯಾಕ್ಟರಿನಂಥ ಕಡೆ ಪಳಗಿದ ನಮ್ಮಂಥವರ ಕೈ ಬಿಡುವಾದಾಗಲೆಲ್ಲ ಕ್ಯಾಡ್ಮಿಯಂ ತಗಡನ್ನು ಕತ್ತರಿಸುತ್ತಲೇ ಇರುತ್ತದೆ. ಥರ್ಮಲ್ ನ್ಯೂಟ್ರಾನನ್ನು ಅದು ಗಟಗಟನೆ ಕುಡಿಯುತ್ತದೆ. ಆದರೆ ಸುಮಾರು 0.4 ಎಲೆಕ್ಟ್ರಾನ್‌ವೋಲ್ಟಿನ ಮೇಲಿನವಕ್ಕೆ ಅದು ಗಾಜಿದ್ದಂತೆ. ನಿಮ್ಮಲ್ಲಿ ಪ್ರೋಟಾನು ಟಂಗ್‌ಸ್ಟನ್ನಿಗೆ ಬಡಿದು ಹುಟ್ಟುವ ವೇಗದ ನ್ಯೂಟ್ರಾನುಗಳಿವೆಯಲ್ಲ, ಅವಕ್ಕೆ ಗೈಡು ಬಾಗಿ ನೇರ ನೋಟ ತಪ್ಪಬೇಕು, ಹೊರಗೆ ದಪ್ಪ ಕಾಂಕ್ರೀಟು ಬೇಕು, ಒಳಗೆ ಬೋರಾನ್ ಕಾರ್ಬೈಡು. ಈ ಖರ್ಚನ್ನು ಬಜೆಟ್ಟಿನ ಕೊನೆಯ ಸಾಲಿಗೆ ತಳ್ಳಿದ್ದೀಯ. ಮೇಲಕ್ಕೆ ತಾ. ಹಣ ಸಾಲದಿದ್ದರೆ ಡಿಟೆಕ್ಟರ್ ಅರ್ಧವೇ ಹಾಕಿ, ಉಳಿದದ್ದಕ್ಕೆ ಜಾಗ ಬಿಡಿ; ಆಮೇಲೆ ಸೇರಿಸಬಹುದು. ಶೀಲ್ಡಿಂಗ್ ಆಮೇಲೆ ಸೇರಿಸುವುದೆಂದರೆ ಕಟ್ಟಿದ್ದನ್ನು ಕೆಡವಿದ ಹಾಗೆ. ಹೀಲಿಯಂ-3ರ ಕೊರತೆ ನೋಡಿ ಬೋರಾನ್-10 ಡಿಟೆಕ್ಟರ್ ಆರಿಸಿದ್ದು ಸರಿಯಾಗಿದೆ, ಅಲ್ಲಿ ನನ್ನದೇನೂ ತಕರಾರಿಲ್ಲ.

ಇದೆಲ್ಲ ಮುದುಕನ ಹಟ ಎನಿಸಿದರೆ ಕೆನಡಾದ ಭೌತವಿಜ್ಞಾನಿ ಬ್ರಾಕ್‌ಹೌಸ್‌ರನ್ನು ನೆನೆ. 1950ರ ದಶಕದಲ್ಲಿ ಅಲ್ಲಿನ ಚಾಕ್ ರಿವರ್ ಪ್ರಯೋಗಾಲಯದಲ್ಲಿ ಟ್ರಿಪಲ್-ಆಕ್ಸಿಸ್ ಎಂಬ ನ್ಯೂಟ್ರಾನ್ ಉಪಕರಣ ಹುಟ್ಟಿದ್ದು ಹರಳಿನ ಪರಮಾಣುಗಳ ಕಂಪನ ಅಳೆಯಲೇಬೇಕೆಂಬ ಹಂಬಲದಿಂದ. ಮೂರೂ ಅಕ್ಷಗಳು ಆ ಒಂದು ಪ್ರಶ್ನೆಗಾಗಿಯೇ ಇರುವುದು. 1994ರಲ್ಲಿ ನೊಬೆಲ್ ಬಂತು. ಅವರ ಜೊತೆ ಕೆಲಸ ಮಾಡಿ ಬಂದ ಪಿ.ಕೆ. ಅಯ್ಯಂಗಾರ್ ಟ್ರಾಂಬೆಯಲ್ಲಿ ಈ ವಿದ್ಯೆಗೆ ನೆಲೆ ಕಟ್ಟಿದರು. ಸಲಕರಣೆ ಕಡಿಮೆಯಿದ್ದ ಕಾಲದಲ್ಲಿ ಏನು ಅಳೆಯಬೇಕೆಂಬುದು ಸ್ಪಷ್ಟವಾಗಿರದೆ ಗತ್ಯಂತರವಿರಲಿಲ್ಲ. ನಿಮಗೆ ಎಲ್ಲವೂ ಇದೆ, ಅದೇ ಕಷ್ಟ.

ಮುಂದಿನ ಸಲ ಗೈಡಿನ ಚಿತ್ರ ಕಳಿಸಬೇಡ. ಸ್ಯಾಂಪಲ್ಲಿನ ಸುತ್ತ ಒಂದು ಮೀಟರ್ ಬರೆದು ಕಳಿಸು: ಸೆಲ್ಲು, ಕ್ಲಾಂಪು, ವೈರು, ಕೊಲಿಮೇಟರ್, ಕ್ರೇನಿನ ಕೊಕ್ಕೆ ಇಳಿಯುವ ದಾರಿ, ರಾತ್ರಿ ಸೆಲ್ಲು ಬದಲಾಯಿಸುವವನು ನಿಲ್ಲುವ ಜಾಗ, ಎಲ್ಲ ಅಳತೆಯೊಂದಿಗೆ. ಜೊತೆಗೆ ಮಾಮೂಲಿ ಎಲೆಕ್ಟ್ರೋಲೈಟ್ ತುಂಬಿದ ಸೆಲ್ಲನ್ನೇ ಇಟ್ಟು 70 ಮೀಟರಿಗೆ ಸಿಮ್ಯುಲೇಷನ್ ಓಡಿಸಿ, 104 ಅಲ್ಯೂಮಿನಿಯಂನಿಂದ ಬಿಡಿಸಿಕೊಂಡಿತೋ ಇಲ್ಲವೋ ತಿಳಿಸು. ಬಿಡಿಸಿಕೊಳ್ಳದಿದ್ದರೆ ಫೋನು ಮಾಡು, ಕೊಲಿಮೇಟರಿನ ಬ್ಲೇಡುಗಳ ಲೆಕ್ಕಕ್ಕೆ ಕೂರೋಣ.

ಇತಿ,
ನಿನ್ನ ಚಿಕ್ಕಪ್ಪ