ಊರಿನ ಕಲ್ಲು ಏನು ಹೇಳುತ್ತದೆ, ಊರಿಗೂ ಗೊತ್ತಾಗಲಿ: ದೇಣಿಗೆ ಮನವಿ

ಆತ್ಮೀಯರೇ,

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ವೀರಗಲ್ಲಿನ ಕಥೆ ನಿಮಗೆ ಗೊತ್ತಾ? ಹತ್ತನೆಯ ಶತಮಾನದ್ದು. ಗಂಗರ ದೊರೆ ಬೂತುಗನ ಕಡೆಯ ಮಣಲೇರ ಎಂಬ ವೀರ ಚೋಳರ ಮೇಲಿನ ಯುದ್ಧದಲ್ಲಿ ಚೆನ್ನಾಗಿ ಕಾದಿದ. ಮೆಚ್ಚಿದೆ, ಏನು ಬೇಕೋ ಕೇಳು ಅಂತ ಒಡೆಯ ಅಂದಾಗ ಮಣಲೇರ ಕೇಳಿದ್ದು ಕಾಳಿ ಎಂಬ ನಾಯಿಯನ್ನು! ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಕಾದಾಡಿತು. ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನೆಟ್ಟರು, ಪೂಜೆಗೆ ಅಂತ ಭೂಮಿಯನ್ನೂ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ.

ಈ ಕಥೆ ಶುರುವಾದರೆ ಮಕ್ಕಳು ಕೂತಲ್ಲಿಂದ ಏಳುವುದಿಲ್ಲ. ಆದರೆ ಇಂಥ ಕಥೆಗಳೆಲ್ಲ ಇರುವುದು ಲೈಬ್ರರಿಯ ದಪ್ಪ ಸಂಪುಟಗಳಲ್ಲಿ. ಶಾಸನ ಸಂಶೋಧಕ ಬಿ.ಎಲ್. ರೈಸ್ ಅವರು 'ಎಪಿಗ್ರಾಫಿಯಾ ಕರ್ನಾಟಿಕ' ಎಂಬ ಶಾಸನ ಸಂಗ್ರಹದ ಮೊದಲ ಸಂಪುಟ ತಂದದ್ದು 1886ರಲ್ಲಿ. ಅವರು ಸುಮಾರು 9,000 ಶಾಸನ ಸೇರಿಸಿದರು. ಮುಂದೆ ಮೈಸೂರು ವಿಶ್ವವಿದ್ಯಾಲಯ ಆ ಸಂಪುಟಗಳನ್ನು ತಿದ್ದಿ, ಬೆಳೆಸಿ ಮತ್ತೆ ಪ್ರಕಟಿಸಿತು. ಯಾವ ತಾಲ್ಲೂಕು, ಯಾವ ಊರು, ಕಲ್ಲು ಎಲ್ಲಿದೆ, ಎಲ್ಲ ಬರೆದಿದೆ. ಕಲ್ಲಿನ ಪಕ್ಕದ ಮನೆಯವರಿಗೆ ಮಾತ್ರ ಅದು ಗೊತ್ತಿಲ್ಲ.

ಒಂದು ಊರಿನಲ್ಲಿ ಅಜ್ಜಿಯೊಬ್ಬರು ಹೊಲದ ಬದುವಿನ ಕಲ್ಲಿಗೆ ದಿನಾ ಅರಿಶಿನ ಹಚ್ಚುತ್ತಿದ್ದರು. ನಮ್ಮ ಜೊತೆ ಬಂದಿದ್ದ ಪಿಎಚ್.ಡಿ. ಹುಡುಗಿ ಒಂದೊಂದೇ ಸಾಲು ಓದಿ ಹೇಳಿದಳು. ಊರಿನ ದನಗಳನ್ನು ಕಾಪಾಡುವಾಗ ಸತ್ತವನ ಕಲ್ಲು ಅದು. ಅಜ್ಜಿ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, "ಅವನ ಹೆಸರು ಇನ್ನೊಂದ್ ಸಲ ಹೇಳವ್ವ" ಅಂದರು. ನಮ್ಮ ಟ್ರಸ್ಟ್ ಇರುವುದು ಇದಕ್ಕಾಗಿಯೇ.

ಇದು ಹೊಸ ಯೋಚನೆ ಏನಲ್ಲ. ಮೈಸೂರು ವಿಶ್ವವಿದ್ಯಾಲಯದ ಮೇಷ್ಟ್ರುಗಳು 1930ರ ದಶಕದಲ್ಲೇ ಹಳ್ಳಿಗಳಿಗೆ ಹೋಗಿ ಪ್ರಚಾರೋಪನ್ಯಾಸ ಕೊಡುತ್ತಿದ್ದರು. ಆ ಉಪನ್ಯಾಸಗಳು ಪುಟ್ಟ ಪುಸ್ತಕಗಳಾಗಿ, ಎಲ್ಲರ ಕೈಗೆಟುಕುವ ಬೆಲೆಗೆ ಸಿಗುತ್ತಿದ್ದವು. ಈ ಕೆಲಸಕ್ಕೆ 'ಪ್ರಸಾರಾಂಗ' ಅಂತ ಹೆಸರಿಟ್ಟವರು ಕುವೆಂಪು. ಎಷ್ಟು ಚೆಂದದ ಹೆಸರು, ಅಲ್ವಾ?

ನಾವು ಮಾಡುವುದು ಅದರದೇ ಒಂದು ಸಣ್ಣ ತುಂಡು. ನಿವೃತ್ತ ಮೇಷ್ಟ್ರುಗಳು ಮತ್ತು ಸಂಶೋಧನಾ ವಿದ್ಯಾರ್ಥಿಗಳು ಒಂದು ಊರಿನಲ್ಲಿ ಎರಡು ದಿನ ಉಳಿಯುತ್ತೇವೆ. ಮೊದಲ ದಿನ ಕಲ್ಲು ತೊಳೆದು ಪಡಿಯಚ್ಚು ತೆಗೆಯುತ್ತೇವೆ. ಒದ್ದೆ ಕಾಗದ ಅಂಟಿಸಿ, ಬ್ರಷ್‌ನಿಂದ ತಟ್ಟಿ, ಶಾಯಿ ಒತ್ತುವ ಕೆಲಸ. ಇದನ್ನು ಶಾಲೆಯ ಮಕ್ಕಳ ಕೈಯಲ್ಲೇ ಮಾಡಿಸುತ್ತೇವೆ. ಕಪ್ಪು ಕಾಗದದ ಮೇಲೆ ಬಿಳಿ ಅಕ್ಷರ ಎದ್ದು ಬಂದಾಗ ಅವರ ಮುಖ ನೋಡಬೇಕು! ಮರುದಿನ ಸಂಜೆ ಅರಳಿಕಟ್ಟೆಯ ಮೇಲೆ ಮಾತು. ಶಾಸನವನ್ನು ಇವತ್ತಿನ ಕನ್ನಡದಲ್ಲಿ ಅಚ್ಚು ಮಾಡಿಸಿ ಮನೆಮನೆಗೂ ಒಂದು ಹಾಳೆ ಕೊಡುತ್ತೇವೆ.

ಒಂದು ಊರಿಗೆ ಸುಮಾರು 12,000 ರೂಪಾಯಿ ಬೇಕು. ಗಾಡಿ ಬಾಡಿಗೆ, ಕಾಗದ, ಶಾಯಿ, ಅಚ್ಚಿನ ಖರ್ಚು, ವಿದ್ಯಾರ್ಥಿಗಳಿಗೆ ಊಟ ಮತ್ತು ಸ್ವಲ್ಪ ಗೌರವಧನ. ಮೇಷ್ಟ್ರುಗಳು ಏನೂ ತೆಗೆದುಕೊಳ್ಳುವುದಿಲ್ಲ. ಇಲ್ಲಿಯವರೆಗೆ ನಮ್ಮ ಪೆನ್ಶನ್ನಿನಲ್ಲೇ ನಡೆಸಿದೆವು. ಕರೆಯುವ ಊರುಗಳು ಜಾಸ್ತಿ ಆಗಿವೆ, ಇನ್ನು ನಮ್ಮ ಕೈಯಿಂದ ಆಗುವುದಿಲ್ಲ. 200 ರೂಪಾಯಿ ಕೊಟ್ಟರೂ ಸಂತೋಷ. ನಿಮ್ಮ ಹುಟ್ಟೂರಿನ ಖರ್ಚು ಪೂರ್ತಿ ನೀವೇ ವಹಿಸಿಕೊಂಡರೆ ಇನ್ನೂ ಸಂತೋಷ. ಈ ಮನವಿ ತಂದುಕೊಟ್ಟವರ ಹತ್ತಿರವೇ ಹಣ ಕೊಟ್ಟು, ತಪ್ಪದೆ ರಸೀದಿ ಪಡೆಯಿರಿ.

ಸುಗ್ಗಿ ಮುಗಿದ ಕೂಡಲೇ ಹೊರಡುತ್ತೇವೆ. ನಿಮ್ಮ ಊರಿನಲ್ಲೂ ಅಕ್ಷರದ ಕಲ್ಲು ಇದ್ದರೆ ಒಂದು ಫೋಟೊ ಕಳಿಸಿ. ದಯವಿಟ್ಟು ಅದಕ್ಕೆ ಪೇಂಟ್ ಮಾತ್ರ ಬಳಿಯಬೇಡಿ. ನಾವು ಬರುವವರೆಗೆ ಇದ್ದಲ್ಲೇ ಇರಲಿ.